ತಿಮಿಂಗಿಲ ಬೇಟೆಯ ಮಿತಿ: ಹಳೆಯ ಲೆಕ್ಕ ಕೆಟ್ಟದ್ದೆಲ್ಲಿ, ಹೊಸದು ನಿಂತದ್ದು ಹೇಗೆ

ಓದಲು ಕೂತಾಗ ನೇರವಾಗಿ ಬೇಟೆಯ ಮಿತಿ ಹಾಕುವ ಸೂತ್ರಕ್ಕೆ ಕೈಹಾಕಬೇಡಿ. ಹಳೆಯ ಲೆಕ್ಕ ಯಾಕೆ ಕೈಕೊಟ್ಟಿತು ಅನ್ನುವುದು ಹಿಡಿತಕ್ಕೆ ಸಿಕ್ಕರೆ ಸೂತ್ರ ಸುಲಭ.

1946ರ ಒಪ್ಪಂದದಿಂದ ಹುಟ್ಟಿದ ಅಂತರರಾಷ್ಟ್ರೀಯ ತಿಮಿಂಗಿಲ ಬೇಟೆ ಆಯೋಗ, ಅಂಟಾರ್ಕ್ಟಿಕ್ ಬೇಟೆಯನ್ನು ‘ನೀಲಿ ತಿಮಿಂಗಿಲ ಘಟಕ’ದಲ್ಲಿ ಅಳೆಯುತ್ತಿತ್ತು. 1 ನೀಲಿ ತಿಮಿಂಗಿಲಕ್ಕೆ 2 ಫಿನ್, ಎರಡೂವರೆ ಹಂಪ್‌ಬ್ಯಾಕ್ ಅಥವಾ 6 ಸೇಯಿ ತಿಮಿಂಗಿಲ ಸಮ. ಇದು ಎಣ್ಣೆಯ ಇಳುವರಿ ನೋಡಿ ಹಾಕಿದ ಲೆಕ್ಕ. ಯಾವ ಜಾತಿ ಎಷ್ಟು ಬೇಗ ಮರಿ ಹಾಕಿ ಬೆಳೆಯುತ್ತದೆ ಎಂದು ನೋಡಿ ಹಾಕಿದ್ದಲ್ಲ. ಆರಂಭದ ಮಿತಿ ಋತುವಿಗೆ 16,000 ಘಟಕ. ಅದರೊಳಗೆ ನೀಲಿ ಎಷ್ಟು, ಫಿನ್ ಎಷ್ಟು ಎಂಬ ಪಾಲಿಲ್ಲ. ನೀಲಿ ಅಪರೂಪವಾದ ಮೇಲೂ ಹಡಗುಗಳ ಖರ್ಚನ್ನು ಫಿನ್‌ಗಳು ತೂಗಿಸುತ್ತಿದ್ದವು. ದಾರಿಯಲ್ಲಿ ಒಂದೇ ಒಂದು ನೀಲಿ ಕಂಡರೂ ಬಿಡುತ್ತಿರಲಿಲ್ಲ, ಒಂದು ಬೇಟೆಗೆ ಪೂರ್ತಿ ಘಟಕ ಸಿಗುತ್ತಿತ್ತಲ್ಲ! ಈ ಘಟಕವನ್ನು ಕೈಬಿಟ್ಟದ್ದು 1972ರಲ್ಲಿ. ನನಗೆ ಈ ಇಡೀ ಅಧ್ಯಾಯದಲ್ಲಿ ಅತಿ ನೋವಿನ ಭಾಗ ಇದೇ.

ನಂತರ, 1970ರ ದಶಕದ ಮಧ್ಯದಲ್ಲಿ, ಪ್ರತಿ ಸಂಕುಲಕ್ಕೂ (ಒಂದು ಪ್ರದೇಶದ ಒಂದೇ ಜಾತಿಯ ಗುಂಪಿಗೂ) ‘ಗರಿಷ್ಠ ಸುಸ್ಥಿರ ಇಳುವರಿ’, ಅಂದರೆ ಸಂಖ್ಯೆ ಕುಗ್ಗದಂತೆ ವರ್ಷ ವರ್ಷ ಹಿಡಿಯಬಹುದಾದ ಅತಿ ಹೆಚ್ಚಿನ ಬೇಟೆ, ಲೆಕ್ಕ ಹಾಕುವ ಪದ್ಧತಿ ಬಂತು. ಕಾಗದದ ಮೇಲೆ ಚೆನ್ನಾಗಿತ್ತು. ಆದರೆ ಅದಕ್ಕೆ ಬೇಕಾದ ಸಹಜ ಸಾವಿನ ಪ್ರಮಾಣ, ಮೂಲ ಸಂಖ್ಯೆ (ಬೇಟೆ ಶುರುವಾಗುವ ಮುಂಚೆ ಇದ್ದದ್ದು) ಯಾವುದರಲ್ಲೂ ವಿಜ್ಞಾನಿಗಳಿಗೆ ಒಮ್ಮತವಿರಲಿಲ್ಲ. 1982ರಲ್ಲಿ ಆಯೋಗ ವಾಣಿಜ್ಯ ಬೇಟೆಗೆ ವಿರಾಮ ಘೋಷಿಸಿತು.

ಪರೀಕ್ಷೆಗೆ ಮುಖ್ಯವಾದದ್ದು 1994ರಲ್ಲಿ ಆಯೋಗ ಒಪ್ಪಿದ ಪರಿಷ್ಕೃತ ನಿರ್ವಹಣಾ ವಿಧಾನ. ಇದಕ್ಕೆ ಬೇಕಾದದ್ದು ಎರಡೇ: ಹಿಂದಿನ ಬೇಟೆಯ ದಾಖಲೆ, ಸಮೀಕ್ಷೆಯ ಎಣಿಕೆ. ಎಣಿಕೆಯ ಜತೆ ಅದರ ಅನಿಶ್ಚಿತತೆಯನ್ನೂ ಕೊಡಬೇಕು. ಸಂಖ್ಯೆ ಮೂಲದ 54%ಕ್ಕಿಂತ ಕೆಳಗಿದ್ದರೆ ಮಿತಿ ಸೊನ್ನೆ. ಮೇಲಿದ್ದರೆ ಎಷ್ಟು ಮೇಲಿದೆಯೋ ಅಷ್ಟು ಹೆಚ್ಚು. ಮಿತಿ ಎಷ್ಟಿರಬಹುದು ಎಂಬ ಅಂದಾಜುಗಳ ಹರಹಿನಲ್ಲಿ ಈ ವಿಧಾನ ಮಧ್ಯದ ಅಂಕಿಗಿಂತ ಕೆಳಗಿನದನ್ನೇ ಮಿತಿಯಾಗಿ ಆರಿಸುತ್ತದೆ. ಹಾಗಾಗಿ ಸಮೀಕ್ಷೆ ಕಳಪೆಯಾದಷ್ಟೂ ಮಿತಿ ತಗ್ಗುತ್ತದೆ, ಹಳಸಿದರೆ ಹಂತಹಂತವಾಗಿ ಇಳಿಯುತ್ತದೆ. ಗೊತ್ತಿಲ್ಲದ್ದರ ದಂಡವನ್ನು ತಿಮಿಂಗಿಲ ಕಟ್ಟಬೇಕಿಲ್ಲ, ಬೇಟೆಗಾರ ಕಟ್ಟುತ್ತಾನೆ. ಒಪ್ಪುವ ಮೊದಲು ಇದನ್ನು ಕಂಪ್ಯೂಟರಿನಲ್ಲಿ ನೂರು ವರ್ಷಗಳ ಕಾಲ್ಪನಿಕ ಸಮುದ್ರಗಳ ಮೇಲೆ ಓಡಿಸಿ ನೋಡಿದರು; ಬೇಟೆಯ ದಾಖಲೆಯೇ ಸುಳ್ಳಾಗಿದ್ದರೆ ಏನಾದೀತು ಎಂಬುದನ್ನೂ ಸೇರಿಸಿ.

ಸುಳ್ಳು ದಾಖಲೆಯ ಸಾಧ್ಯತೆಯನ್ನೂ ಓಡಿಸಿ ನೋಡಿದ್ದು ಅತಿಯಾದ ಎಚ್ಚರಿಕೆಯಾಗಿರಲಿಲ್ಲ. ಸೋವಿಯತ್ ಹಡಗುಗಳು ಸುಮಾರು 1,80,000 ತಿಮಿಂಗಿಲಗಳ ಬೇಟೆಯನ್ನು ಮುಚ್ಚಿಟ್ಟಿದ್ದವೆಂದು 1990ರ ದಶಕದಿಂದ ಹೊರಬಂದ ದಾಖಲೆಗಳು ತೋರಿಸಿವೆ. ಸೂತ್ರ ಸಿದ್ಧವಾದರೂ ಹಡಗಿನ ಮೇಲೆ ನಿಗಾ ಇಡುವ ವ್ಯವಸ್ಥೆಯ ಬಗ್ಗೆ ಆಯೋಗದಲ್ಲಿ ಒಪ್ಪಂದವಾಗಲಿಲ್ಲ, ವಿರಾಮ ಇಂದಿಗೂ ಮುಂದುವರಿದಿದೆ.