ಫ್ಯಾನಿನ ರೆಕ್ಕೆಯ ಮೇಲಿನ ಹೆಸರು

ಗದಗ ಕಡೆಯ ಊರುಗಳ ಗುಡಿಗಳಲ್ಲಿ ಒಮ್ಮೆ ತಲೆಯೆತ್ತಿ ನೋಡಿ. ಫ್ಯಾನಿನ ರೆಕ್ಕೆಗಳ ಮೇಲೆ ಕೆಂಪು ಬಣ್ಣದಲ್ಲಿ ದಾನಿಯ ಹೆಸರು ಬರೆದಿರುತ್ತದೆ. ಫ್ಯಾನ್ ತಿರುಗುವಾಗ ಅದು ಬರೀ ಕೆಂಪು ಬಳೆ. ಕರೆಂಟ್ ಹೋಗಿ ಭಕ್ತರು ಬೆವರತೊಡಗಿದಾಗಲೇ ಓದಲು ಸಿಗುವುದು. 1007ರಲ್ಲಿ ಲಕ್ಕುಂಡಿಯಲ್ಲಿ ಬಸದಿ ಕಟ್ಟಿಸಿದ ಅತ್ತಿಮಬ್ಬೆಯ ಹೆಸರು ಕಲ್ಲಿನಲ್ಲಿದೆ, ಅದಕ್ಕೆ ಕರೆಂಟಿನ ಹಂಗಿಲ್ಲ. ಉಳ್ಳವರು ದೇವರ ಮನೆಯಲ್ಲಿ ಹೆಸರು ಬಯಸುತ್ತಾರೆ. ಇಲ್ಲದವರು?

ಜರ್ಮನಿಯ ಸಮಾಜಶಾಸ್ತ್ರಜ್ಞ ಮ್ಯಾಕ್ಸ್ ವೇಬರ್ ಜಗತ್ತಿನ ಧರ್ಮಗಳನ್ನೆಲ್ಲ ಈ ಪ್ರಶ್ನೆಯಿಂದ ಜಾಲಿಸಿದ. ಸುಖದಲ್ಲಿರುವವನಿಗೆ ಸುಖವಷ್ಟೇ ಸಾಲದು, ಅದಕ್ಕೆ ತಾನು ಅರ್ಹನೆಂದು ಧರ್ಮ ಒಪ್ಪಬೇಕು. ನೊಂದವನಿಗೆ ಬಿಡುಗಡೆಯ ಭರವಸೆ ಬೇಕು ಎಂದ. ಇಸ್ಲಾಮಿಗೆ ಯೋಧರು, ಬೌದ್ಧ ಧರ್ಮಕ್ಕೆ ಭಿಕ್ಷುಗಳು, ಆರಂಭದ ಕ್ರೈಸ್ತ ಧರ್ಮಕ್ಕೆ ಊರೂರು ಅಲೆಯುವ ಕುಶಲಕರ್ಮಿಗಳು ಎಂದು ಆಯಾ ಧರ್ಮವನ್ನು ಹೊತ್ತು ನಡೆದವರನ್ನೂ ಗುರುತಿಸಿದ. ಅಹಿಂಸೆಯ ವ್ರತ ಜೈನರನ್ನು ನೇಗಿಲಿನಿಂದ ಅಂಗಡಿಗೆ ದಾಟಿಸಿತು ಎಂಬುದೂ ಅವನ ವಾದ. ಆದರೆ ನಮ್ಮ ಪಕ್ಕದ ಬೆಳಗಾವಿ ಸೀಮೆಯ ಚತುರ್ಥ ಎಂಬ ಪಂಗಡದ ಜೈನರು ತಲೆಮಾರುಗಳಿಂದ ಹೊಲ ಉಳುತ್ತಿದ್ದಾರೆ. ದೊಡ್ಡ ಸೂತ್ರಗಳು ಎರೆಮಣ್ಣಿಗೆ ಇಳಿದಾಗ ಹೀಗೆ ಕಾಲು ಹೂತುಕೊಳ್ಳುತ್ತವೆ.

ನನಗೆ ಇನ್ನೂ ಕುತೂಹಲವೆನಿಸುವುದು ಧರ್ಮವೇ ವರ್ಗದ ಮೆಟ್ಟಿಲು ಹತ್ತುವ ಬಗೆ. 1739ರಲ್ಲಿ ಮೆಥಡಿಸ್ಟ್ ಕ್ರೈಸ್ತ ಪಂಥ ಹುಟ್ಟುಹಾಕಿದ ಪಾದ್ರಿ ಜಾನ್ ವೆಸ್ಲಿ ಇಂಗ್ಲೆಂಡಿನ ಬ್ರಿಸ್ಟಲ್ ಬಳಿ ಕಲ್ಲಿದ್ದಲು ಗಣಿಯ ಕೂಲಿಗಳಿಗೆ ಬಯಲಲ್ಲೇ ಉಪದೇಶ ಆರಂಭಿಸಿದ. ಮುಪ್ಪಿನಲ್ಲಿ ಅವನನ್ನು ಕಾಡಿದ ಚಿಂತೆ ವಿಚಿತ್ರವಾದದ್ದು: ಭಕ್ತಿಯಿಂದ ದುಡಿಮೆ ಮತ್ತು ಮಿತವ್ಯಯ, ಅವುಗಳಿಂದ ಸಿರಿ, ಸಿರಿ ಬಂದಂತೆ ಭಕ್ತಿಗೆ ಕ್ಷಯ. ಬಡವರ ಪಂಥ ಒಂದು ತಲೆಮಾರು ಕಳೆಯುವಷ್ಟರಲ್ಲಿ ಮಧ್ಯಮ ವರ್ಗದ ಚರ್ಚ್ ಆಗಿಬಿಡುತ್ತದೆ ಎಂದು ಅಮೆರಿಕದ ಧರ್ಮಶಾಸ್ತ್ರಜ್ಞ ರಿಚರ್ಡ್ ನೀಬೂರ್ 1929ರಲ್ಲಿ ಬರೆದ.

ಇದಕ್ಕೊಂದು ಮದ್ದನ್ನು ಆಯ್ದಕ್ಕಿ ಲಕ್ಕಮ್ಮ ಹನ್ನೆರಡನೆಯ ಶತಮಾನದಲ್ಲೇ ಕಂಡುಕೊಂಡಿದ್ದಳು. ಗಂಡ ಮಾರಯ್ಯ ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಈ ಆಸೆ ಏಕೆ, ತಂದಲ್ಲಿಗೇ ಸುರಿದು ಬನ್ನಿ ಎಂದಳು. ಶರಣರ ಕಾಯಕವನ್ನು, ದುಡಿಮೆಯೇ ದೇವರ ಕರೆ ಎಂದು ನಂಬಿದವರೆಂದು ವೇಬರ್ ಬಣ್ಣಿಸಿದ ಪ್ರಾಟೆಸ್ಟೆಂಟ್ ಕ್ರೈಸ್ತರ ದುಡಿಮೆಗೆ ಹೋಲಿಸುವವರು ಈ ಹಿಡಿ ಅಕ್ಕಿಯನ್ನು ಮರೆಯುತ್ತಾರೆ. ಅಲ್ಲಿ ಮಿಕ್ಕಿದ್ದು ಬಂಡವಾಳವಾಯಿತು, ಇಲ್ಲಿ ಮಿಗಲೇಬಾರದು.

ಆದರೂ ಏಣಿ ಇಲ್ಲಿಯೂ ಇತ್ತು. ಧಾರವಾಡದ ಮುರುಘಾಮಠದ ಉಚಿತ ಪ್ರಸಾದ ನಿಲಯದಲ್ಲಿ ಉಂಡು ಓದಿದ ರೈತರ ಮಕ್ಕಳು ಮೇಷ್ಟ್ರು, ವಕೀಲರಾದರು. ಮೇಲೆ ಹತ್ತಿದವರು ಊರಿಗೆ ಬಂದರೆ ಗುಡಿಗೆ ಏನಾದರೂ ಕೊಡದಿರುತ್ತಾರೆಯೇ? ಫ್ಯಾನುಗಳೂ ಹೆಚ್ಚಾದವು.

ಹಾವೇರಿ ಜಿಲ್ಲೆಯ ಚೌಡಯ್ಯದಾನಪುರ ಅಂಬಿಗರ ಚೌಡಯ್ಯನ ಹೆಸರು ಹೊತ್ತ ಊರು. ದೋಣಿ ನಡೆಸಿ ಬದುಕಿದ ಅವನಷ್ಟು ಖಾರದ ಬಾಯಿ ವಚನಕಾರರಲ್ಲಿ ಇನ್ನೊಂದಿಲ್ಲ. ಕಲ್ಲುದೇವರಿಗೆ ಕೈಮುಗಿಯುವವರನ್ನೂ ಅವನು ಬಿಟ್ಟವನಲ್ಲ. ಪ್ರವಾಸಿಗರು ಅಲ್ಲಿಗೆ ಹೋಗುವುದು ಮುಕ್ತೇಶ್ವರ ದೇವಾಲಯದ ಕಲ್ಲಿನ ಕೆತ್ತನೆ ನೋಡಲು. ತುಂಗಭದ್ರೆ ಪಕ್ಕದಲ್ಲೇ ಹರಿಯುತ್ತಾಳೆ.