ಕೆಲಸ ಮಾತ್ರೆಯದು, ಹಾರ ಕಷಾಯಕ್ಕೆ

"ರಿಪೋರ್ಟ್ ನಾರ್ಮಲ್ ಬಂತಲ್ಲ ಡಾಕ್ಟರೇ, ಮಾತ್ರೆ ಬಿಟ್ಟೆ." ಕೊಲೆಸ್ಟ್ರಾಲ್‌ ಇರುವವರ ಬಾಯಲ್ಲಿ ಈ ಮಾತು ಕೇಳಿ ಕೇಳಿ ಸಾಕಾಗಿದೆ.

ನಿವೃತ್ತ ಮೇಷ್ಟ್ರೊಬ್ಬರು ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆಯ ಜೊತೆಜೊತೆಗೇ ಬೆಳ್ಳುಳ್ಳಿ, ಶುಂಠಿ, ನಿಂಬೆರಸ, ಆಪಲ್ ಸೈಡರ್ ವಿನೆಗರ್ ಕುದಿಸಿ ಜೇನು ಬೆರೆಸಿದ ವಾಟ್ಸ್ಆ್ಯಪ್ ಕಷಾಯ ಕುಡಿಯುತ್ತಿದ್ದರು. ಎಲ್‌ಡಿಎಲ್ ಎಂಬ ಕೆಟ್ಟ ಕೊಲೆಸ್ಟ್ರಾಲ್ 168ರಿಂದ 92ಕ್ಕೆ ಇಳಿಯಿತು. ಹಾರ ಬಿದ್ದದ್ದು ಕಷಾಯದ ಕೊರಳಿಗೆ, ಮಾತ್ರೆ ನಿಂತಿತು. ಮುಂದಿನ ತಪಾಸಣೆಯಲ್ಲಿ ಮತ್ತೆ 160ರ ಮೇಲೆ. ಆಗಲಾದರೂ ಮಾತ್ರೆಯ ನೆನಪಾಯಿತೇ? "ನಾಟಿ ಬೆಳ್ಳುಳ್ಳಿ ಸಿಗುತ್ತಿಲ್ಲ, ಅದಕ್ಕೇ ಇರಬೇಕು" ಎಂದರು!

ಕೊಲೆಸ್ಟ್ರಾಲನ್ನು ಯಕೃತ್ತು ದಿನವೂ ತಯಾರಿಸುತ್ತದೆ. ಆ ತಯಾರಿಕೆಗೆ ಬೇಕಾದ ಕಿಣ್ವವನ್ನು ಸ್ಟ್ಯಾಟಿನ್ ತಡೆಯುತ್ತದೆ. ಮಾತ್ರೆ ನಿಲ್ಲಿಸಿದರೆ ಕೆಲವೇ ವಾರಗಳಲ್ಲಿ ಎಲ್‌ಡಿಎಲ್ ಹಳೆಯ ಮಟ್ಟಕ್ಕೆ ಮರಳುತ್ತದೆ. ರಿಪೋರ್ಟ್ ಚೆನ್ನಾಗಿದೆ ಎಂದರೆ ಮಾತ್ರೆ ಕೆಲಸ ಮಾಡುತ್ತಿದೆ ಎಂದಷ್ಟೇ ಅರ್ಥ, ಅದರ ಕೆಲಸ ಮುಗಿದಿದೆ ಎಂದಲ್ಲ. ಜ್ವರದ ಗುಳಿಗೆಯ ಲೆಕ್ಕ ಇಲ್ಲಿ ನಡೆಯುವುದಿಲ್ಲ.

ಗಿಡಮೂಲಿಕೆಗಳ ಮೇಲೆ ನನಗೆ ಹಗೆಯಿಲ್ಲ. ಗುಗ್ಗುಳದ ಬಗ್ಗೆ ನಮ್ಮ ದೇಶದಲ್ಲಿ ದಶಕಗಳ ಸಂಶೋಧನೆ ನಡೆದಿದೆ. ಆದರೆ 2003ರಲ್ಲಿ ಪ್ರಕಟವಾದ ಅಮೆರಿಕದ ಪ್ರಯೋಗದಲ್ಲಿ ಅದನ್ನು ತೆಗೆದುಕೊಂಡವರ ಎಲ್‌ಡಿಎಲ್ ಇಳಿಯುವ ಬದಲು ತುಸು ಏರಿತು. ಕೆಲವರಿಗೆ ಚರ್ಮದಲ್ಲಿ ಗಂಧೆಯೂ ಎದ್ದಿತು. 2007ರ ಮತ್ತೊಂದು ಪ್ರಯೋಗದಲ್ಲಿ ಆರು ತಿಂಗಳು ಹಸಿ ಬೆಳ್ಳುಳ್ಳಿ ತಿಂದವರಲ್ಲಿಯೂ ಗಮನಾರ್ಹ ಇಳಿಕೆ ಕಾಣಲಿಲ್ಲ. ಸಾರಿಗೆ ಒಗ್ಗರಣೆ ಹಾಕಲು ಅಡ್ಡಿಯಿಲ್ಲ.

ಇಸಬ್‌ಗೋಲ್ ಮಾತ್ರ ನಿಜಕ್ಕೂ ಕೆಲಸ ಮಾಡುತ್ತದೆ. ಅದು ಕರುಳಿನಲ್ಲಿ ಪಿತ್ತರಸದ ಆಮ್ಲಗಳನ್ನು ಹಿಡಿದು ಹೊರಹಾಕುತ್ತದೆ. ಹೊಸ ಪಿತ್ತರಸದ ಆಮ್ಲ ತಯಾರಿಸಲು ಯಕೃತ್ತು ರಕ್ತದ ಕೊಲೆಸ್ಟ್ರಾಲನ್ನೇ ಬಳಸುತ್ತದೆ. ದಿನಕ್ಕೆ ಸುಮಾರು 10 ಗ್ರಾಂ ತೆಗೆದುಕೊಂಡರೆ ಎಲ್‌ಡಿಎಲ್ ಶೇ 5ರಿಂದ 10ರಷ್ಟು ಇಳಿದೀತು. ಸ್ವಲ್ಪವೇ ಹೆಚ್ಚಿರುವ, ಬೇರೆ ಅಪಾಯಗಳಿಲ್ಲದವರಿಗೆ ಊಟದ ಪಥ್ಯದೊಂದಿಗೆ ಅಷ್ಟೇ ಸಾಕಾಗಲೂಬಹುದು. ಸ್ಟೆಂಟ್ ಹಾಕಿಸಿಕೊಂಡವರಿಗೆ ಖಂಡಿತ ಸಾಲದು.

ಇನ್ನು ಆನ್‌ಲೈನ್‌ನಲ್ಲಿ ತರಿಸುವ 'ರೆಡ್ ಈಸ್ಟ್ ರೈಸ್' (ಕೆಂಪು ಈಸ್ಟ್‌ನಿಂದ ಹುದುಗಿಸಿದ ಅಕ್ಕಿ) ಕ್ಯಾಪ್ಸೂಲ್. ಸ್ಟ್ಯಾಟಿನ್‌ಗೆ ಹೆದರಿ ಇದನ್ನು ನುಂಗುವವರಿಗೆ ಏನು ಹೇಳಲಿ? ಅದರಲ್ಲಿರುವ ಮೊನಾಕೊಲಿನ್ ಕೆ ಎಂಬುದು ಲೊವಾಸ್ಟ್ಯಾಟಿನ್ ಎಂಬ ಸ್ಟ್ಯಾಟಿನ್ ಮದ್ದೇ. ಪ್ರಮಾಣ ಎಷ್ಟೆಂಬುದಕ್ಕೆ ಖಾತರಿಯಿಲ್ಲ, ಅಷ್ಟೇ ವ್ಯತ್ಯಾಸ. ಮಾತ್ರೆಯೊಂದಿಗೆ ಅದನ್ನೂ ಸೇರಿಸಿದರೆ ಸ್ನಾಯುಗಳಿಗೆ ಪೆಟ್ಟು ಬೀಳಬಹುದು.

ಮಾತ್ರೆಯಿಂದ ಮೈಕೈ ನೋವು ಬಂದರೆ ಬಂದು ಹೇಳಿ. ಪ್ರಮಾಣ ತಗ್ಗಿಸಬಹುದು, ಬೇರೆ ಮಾತ್ರೆ ಕೊಡಬಹುದು. ಬರುವಾಗ ಮನೆಯಲ್ಲಿರುವ ಚೂರ್ಣ, ಕಷಾಯ, ಕ್ಯಾಪ್ಸೂಲ್‌ಗಳ ಬಾಟಲಿಗಳನ್ನೆಲ್ಲ ಚೀಲದಲ್ಲಿ ಹಾಕಿಕೊಂಡು ಬನ್ನಿ. ಬೈಯುವುದಿಲ್ಲ.