ಉಪ್ಪು ಮಾಡಿದ್ದಕ್ಕೆ ಬ್ರಿಟಿಷರು ಯಾಕೆ ಹೆದರಬೇಕಿತ್ತು?

ಪ್ರಶ್ನೆ: ಉತ್ತರ ಕನ್ನಡದ ಅಂಕೋಲೆಯನ್ನು ಕರ್ನಾಟಕದ ಬಾರ್ಡೋಲಿ ಅಂತಾರೆ. (ಬಾರ್ಡೋಲಿ ಅಂದರೆ ಗುಜರಾತಿನಲ್ಲಿ ರೈತರು ಕಂದಾಯ ಕಟ್ಟದೆ ಹೋರಾಡಿದ ಊರು.) ಆದರೆ ಸಮುದ್ರದ ದಂಡೆಯಲ್ಲಿ ಒಂದು ಮುಷ್ಟಿ ಉಪ್ಪು ಮಾಡಿದರೆ ಅಷ್ಟು ದೊಡ್ಡ ಸರ್ಕಾರಕ್ಕೆ ಏನಾಗುತ್ತದೆ? ಹೊಡೆದಾಡದೆ ಸ್ವಾತಂತ್ರ್ಯ ಬಂತು ಅನ್ನೋದು ನಿಜವಾ?

ಉತ್ತರ: ಒಮ್ಮೆ ಬೇಸಿಗೆಯಲ್ಲಿ ಗೋಕರ್ಣದ ಹತ್ತಿರ ಸಾಣಿಕಟ್ಟಾಕ್ಕೆ ಹೋಗಿ ಬನ್ನಿ. ಅಲ್ಲಿ ಆಗರಕ್ಕೆ, ಅಂದರೆ ಉಪ್ಪು ಮಾಡುವ ಗದ್ದೆಗೆ, ಉಪ್ಪುನೀರು ಬಿಡುತ್ತಾರೆ. ಬಿಸಿಲಿಗೆ ನೀರು ಆರುತ್ತಾ ಬಂದ ಹಾಗೆ ತಳದಲ್ಲಿ ಕಾಳು ಕಟ್ಟುತ್ತದೆ. ಉದ್ದ ಕೋಲಿಗೆ ಕಟ್ಟಿದ ಹಲಗೆಯಿಂದ ಅದನ್ನು ಎಳೆದು ಗುಡ್ಡೆ ಹಾಕುತ್ತಾರೆ. ನೀರು ಸಮುದ್ರದ್ದು, ಬಿಸಿಲು ದೇವರು ಕೊಟ್ಟದ್ದು, ಬೆವರು ಕೂಲಿಯವರದ್ದು. ಇದರಲ್ಲಿ ಬ್ರಿಟಿಷ್ ಸರ್ಕಾರದ್ದು ಏನಿತ್ತು ಹೇಳಿ? ಆದರೂ ಅವರ ಅಪ್ಪಣೆ ಇಲ್ಲದೆ ಉಪ್ಪು ಮಾಡಿದರೆ ಅಪರಾಧ. ಗಂಜಿಗೆ ಉಪ್ಪು ಬಿಟ್ಟು ಬೇರೇನೂ ಇಲ್ಲದವನೂ ತೆರಿಗೆ ಕಟ್ಟಲೇಬೇಕು.

ಗಾಂಧೀಜಿ ಆರಿಸಿಕೊಂಡದ್ದು ಈ ಉಪ್ಪನ್ನೇ. ನನ್ನ ಪ್ರಕಾರ ಅವರ ನಾಯಕತ್ವದ ದೊಡ್ಡಸ್ತಿಕೆ ಈ ಆಯ್ಕೆಯಲ್ಲಿದೆ. ಬಂದೂಕು ಹಿಡಿಯಲು ಎಲ್ಲರಿಗೂ ಆಗುವುದಿಲ್ಲ. ಉಪ್ಪು ಮಾಡಲು ಅಜ್ಜಿಗೂ ಆಗುತ್ತದೆ, ಮೀನುಗಾರನಿಗೂ ಆಗುತ್ತದೆ, ಶಾಲೆ ಹುಡುಗನಿಗೂ ಆಗುತ್ತದೆ. 1930ರ ಮಾರ್ಚ್ 12ರಂದು 78 ಜನರ ಜೊತೆ ಸಾಬರಮತಿಯಿಂದ ನಡೆಯಲು ಶುರು ಮಾಡಿ, ಏಪ್ರಿಲ್ 6ರಂದು ಅವರು ದಾಂಡಿಯಲ್ಲಿ ಉಪ್ಪು ಎತ್ತಿದರು. ಸರಿಯಾಗಿ ಒಂದು ವಾರಕ್ಕೆ, ಏಪ್ರಿಲ್ 13ಕ್ಕೆ, ಅಂಕೋಲೆಯಲ್ಲಿ ಎಂ.ಪಿ. ನಾಡಕರ್ಣಿಯವರ ಮುಂದಾಳತ್ವದಲ್ಲಿ ಕಾನೂನು ಮುರಿದರು. ಜಲಿಯನ್‌ವಾಲಾಬಾಗ್ ಹತ್ಯಾಕಾಂಡ ನಡೆದು ಅಂದಿಗೆ 11 ವರ್ಷ ತುಂಬಿತ್ತು. ಮೇ ತಿಂಗಳ ಶುರುವಿನಲ್ಲೇ ಗಾಂಧೀಜಿಯ ಬಂಧನವಾಯಿತು. ಚಳವಳಿ ನಿಲ್ಲಲಿಲ್ಲ. ಎಲ್ಲಿ ನಿಲ್ಲಿಸುವುದು? ಕರಾವಳಿಯ ಊರೂರಲ್ಲೂ ಸಮುದ್ರ ಇದೆಯಲ್ಲ! ಜೈಲು ತುಂಬುತ್ತಾ ಹೋಯಿತು. 1931ರ ಮಾರ್ಚ್ 5ರ ಗಾಂಧಿ-ಇರ್ವಿನ್ ಒಪ್ಪಂದದಲ್ಲಿ ಉಪ್ಪು ಸಿಗುವ ಜಾಗದ ಅಕ್ಕಪಕ್ಕದ ಹಳ್ಳಿಯವರು ಮನೆ ಖರ್ಚಿಗೆ ಉಪ್ಪು ಮಾಡಿಕೊಳ್ಳಬಹುದು ಅಂತ ಸರ್ಕಾರ ಒಪ್ಪಿತು.

ಅಹಿಂಸೆ ಅಂದರೆ ಸುಮ್ನೆ ಕೂರುವುದು ಅಂತ ಜಾಸ್ತಿ ಜನ ಅಂದುಕೊಂಡಿದ್ದಾರೆ. ಹಾಗಲ್ಲ. ಜನ ಹಿಂಸೆಗೆ ಇಳಿದರೆ ತಡೆಯುವುದೂ ನಾಯಕನ ಕೆಲಸ. 1922ರಲ್ಲಿ ಚೌರಿ ಚೌರಾದಲ್ಲಿ ಜನ ಪೊಲೀಸ್ ಠಾಣೆಗೆ ಬೆಂಕಿ ಇಟ್ಟು 22 ಪೊಲೀಸರು ಸತ್ತಾಗ, ಗಾಂಧೀಜಿ ಕಾವೇರಿದ್ದ ಅಸಹಕಾರ ಚಳವಳಿಯನ್ನೇ ನಿಲ್ಲಿಸಿಬಿಟ್ಟರು. ಜೊತೆಯವರೇ ಸಿಟ್ಟಾದರು. ಅವರ ಸಿಟ್ಟು ನನಗೂ ಅರ್ಥವಾಗುತ್ತದೆ.

ಬರೀ ಸತ್ಯಾಗ್ರಹದಿಂದಲೇ ಎಲ್ಲ ಆಯಿತು ಅಂತ ನಾನು ಹೇಳುವುದಿಲ್ಲ. ಎರಡನೇ ಮಹಾಯುದ್ಧ ಬ್ರಿಟನ್ನನ್ನು ಸಾಲದಲ್ಲಿ ಮುಳುಗಿಸಿತ್ತು. 1946ರಲ್ಲಿ ಮುಂಬಯಿಯಲ್ಲಿ ನೌಕಾಪಡೆಯವರೇ ತಿರುಗಿ ಬಿದ್ದರು. ಆದರೆ ಹಳ್ಳಿಯ ಮನೆಮನೆಯನ್ನು ಹೋರಾಟಕ್ಕೆ ತಂದದ್ದು ಸತ್ಯಾಗ್ರಹವೇ.

ಅದಕ್ಕೆ ನಮ್ಮ ಉತ್ತರ ಕನ್ನಡ ಜಿಲ್ಲೆಯ ಜನ ಕೊಟ್ಟ ಬೆಲೆಯನ್ನೂ ಹೇಳಬೇಕು. ಅಂಕೋಲಾ, ಸಿದ್ದಾಪುರ ಭಾಗದ ರೈತರು ಕರನಿರಾಕರಣೆಗೆ ಇಳಿದರು. ಕಂದಾಯ ಕಟ್ಟುವುದಿಲ್ಲ ಅಂದರು, ಅಷ್ಟೇ. ಸರ್ಕಾರ ಗದ್ದೆ, ತೋಟ, ದನಕರು, ಮನೆಯ ಪಾತ್ರೆಪಗಡ ಎಲ್ಲ ಜಪ್ತಿ ಮಾಡಿ ಹರಾಜು ಹಾಕಿತು. ಅಡಿಕೆ ತೋಟ ಅಂದರೆ ತಲೆಮಾರಿನ ಬದುಕು, ಅಲ್ವಾ? ಅದು ಒಂದೇ ದಿನದಲ್ಲಿ ಬೇರೆಯವರ ಹೆಸರಿಗೆ ಹೋಯಿತು.

ಆಗ ಎದ್ದು ನಿಂತವರು ಹೆಂಗಸರು. ಜೋಗದ ದಾರಿಯ ಮಾವಿನಗುಂಡಿಯಲ್ಲಿ, ಜಪ್ತಿಯಾದ ಆಸ್ತಿ ಕೊಂಡವರ ಮನೆ ಬಾಗಿಲಲ್ಲೇ ಉಪವಾಸ ಕೂತರು. ಬೈಯಲಿಲ್ಲ, ಕಲ್ಲು ಎಸೆಯಲಿಲ್ಲ. ಆ ಮನೆಯವರ ಕಷ್ಟವನ್ನು ಸ್ವಲ್ಪ ಯೋಚಿಸಿ ನೋಡಿ. ಒಳಗೆ ಅನ್ನ ಬೇಯುತ್ತಿದೆ. ಹೊರಗೆ ಬಾಗಿಲಲ್ಲಿ ಅಕ್ಕತಂಗಿಯಂಥವರು ಹಸಿದು ಕೂತಿದ್ದಾರೆ. ಬಾಳೆ ಎಲೆ ಹಾಕಿ ಉಣ್ಣಲು ಕೂತರೆ ತುತ್ತು ಗಂಟಲಲ್ಲಿ ಇಳಿಯುತ್ತದಾ?

1937ರಲ್ಲಿ ಮುಂಬಯಿ ಪ್ರಾಂತ್ಯದಲ್ಲಿ ಕಾಂಗ್ರೆಸ್ ಸರ್ಕಾರ ಬಂದ ಮೇಲೆ, ಜಪ್ತಿಯಾದ ಜಮೀನನ್ನು ಮೂಲ ರೈತರಿಗೆ ವಾಪಸ್ ಕೊಡಿಸುವ ಕೆಲಸ ಶುರುವಾಯಿತು. ಮಾವಿನಗುಂಡಿಯಲ್ಲಿ ಆ ಹೆಂಗಸರ ನೆನಪಿಗೆ ಒಂದು ಸ್ಮಾರಕ ಇದೆ. ಜೋಗ ನೋಡಲು ಹೋಗುವಾಗ ಗಾಡಿ ನಿಲ್ಲಿಸಿ, ಐದು ನಿಮಿಷ ಇಳಿದು ನೋಡಿ.